ಬಾಡಿಗೆ ಟ್ರೇಲರ್‌ನ ವೈರಿಂಗ್ ನಮ್ಮ ಗಾಡಿಗೆ ಸರಿಹೊಂದುತ್ತದೆಯೇ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ಕೊಲಂಬಸ್ ನಿವಾಸಿ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಾವು ಓಹಾಯೋದ ಕೊಲಂಬಸ್‌ನಿಂದ ನಾರ್ತ್ ಕೆರೊಲೈನಾದ ಕ್ಯಾರಿ ಪಟ್ಟಣಕ್ಕೆ ಮನೆ ಬದಲಿಸುತ್ತಿದ್ದೇವೆ. ಸೋಫಾ, ಮಂಚಗಳನ್ನೆಲ್ಲ ಇಲ್ಲಿಯೇ ಮಾರಿಬಿಟ್ಟಿದ್ದೇವೆ. ಪುಸ್ತಕಗಳು, ಪಾತ್ರೆಗಳು, ಮಗುವಿನ ತೊಟ್ಟಿಲು, ಊರಿನಿಂದ ತರಿಸಿಕೊಂಡ ಗ್ರೈಂಡರ್ ಇವಿಷ್ಟನ್ನು ಒಂದು ಬಾಡಿಗೆ ಟ್ರೇಲರ್‌ಗೆ ತುಂಬಿ ನಮ್ಮ ಮಿನಿವ್ಯಾನ್‌ನಿಂದ ಎಳೆದುಕೊಂಡು ಹೋಗಬೇಕೆಂದಿದ್ದೇನೆ. ನೋಡಿಟ್ಟಿರುವುದು ಯು-ಹಾಲ್ ಎಂಬ ಬಾಡಿಗೆ ಕಂಪನಿಯ 5 ಅಡಿ ಅಗಲ, 8 ಅಡಿ ಉದ್ದದ ಮುಚ್ಚಿದ ಟ್ರೇಲರ್. ಅದರ ಖಾಲಿ ತೂಕ 900 ಪೌಂಡ್, ಸಾಮಾನು ಸೇರಿ ಗರಿಷ್ಠ ತೂಕ 2,700 ಪೌಂಡ್. ನಮ್ಮ ಗಾಡಿಯ ಕೈಪಿಡಿಯಲ್ಲಿ ಎಳೆಯುವ ಮಿತಿ 3,500 ಪೌಂಡ್ ಎಂದಿರುವುದರಿಂದ ತೂಕದ ಬಗ್ಗೆ ನನಗೆ ಚಿಂತೆಯಿಲ್ಲ. ಚಿಂತೆ ಇರುವುದು ವೈರಿಂಗ್‌ನದು.

ಗಾಡಿಯನ್ನು ನಾವು ಸೆಕೆಂಡ್ ಹ್ಯಾಂಡ್ ಕೊಂಡೆವು. ಹಿಚ್ಚನ್ನೂ (ಟ್ರೇಲರ್ ಸಿಕ್ಕಿಸುವ ಕೊಂಡಿ) ಅದರ ಪಕ್ಕದಲ್ಲಿ ಇಳಿಬಿದ್ದಿರುವ ನಾಲ್ಕು ಪಿನ್ನಿನ ಚಪ್ಪಟೆ ಕನೆಕ್ಟರನ್ನೂ ಹಿಂದಿನ ಮಾಲೀಕರೇ ಹಾಕಿಸಿದ್ದರು. ಕಳೆದ ಶನಿವಾರ ಸ್ನೇಹಿತರೊಬ್ಬರ ಹಳೆಯ ಸಣ್ಣ ಟ್ರೇಲರನ್ನು ಜೋಡಿಸಿ ನೋಡಿದೆ. ಪ್ಲಗ್ ಸಲೀಸಾಗಿ ಕೂತಿತು. ಹೆಡ್‌ಲೈಟ್ ಹಾಕಿದಾಗ ಟ್ರೇಲರ್‌ನ ಹಿಂದಿನ ಕೆಂಪು ದೀಪಗಳೆರಡೂ ಚೆನ್ನಾಗಿಯೇ ಉರಿದವು. ಬ್ರೇಕ್ ಒತ್ತಿದೊಡನೆ ಮಾತ್ರ ಎಲ್ಲವೂ ಮಂಕಾದವು, ಬಲಗಡೆಯ ದೀಪ ತುಸು ಹೆಚ್ಚು ಬೆಳಗಿದಂತಾಯಿತು, ಎಡಗಡೆಯದು ಏನೂ ಬೆಳಗಲಿಲ್ಲ. ಬಲ ಇಂಡಿಕೇಟರ್ ಹಾಕಿದಾಗ ಅದು ಮಿನುಗಿದ ಹೊತ್ತಿಗೆಲ್ಲ ಉಳಿದ ದೀಪಗಳು ಕುಗ್ಗುತ್ತಿದ್ದವು. ಎಡ ಇಂಡಿಕೇಟರ್ ಟ್ರೇಲರ್‌ನಲ್ಲಿ ಬರಲೇ ಇಲ್ಲ, ಗಾಡಿಯಲ್ಲಿ ಮಾತ್ರ ಸರಿಯಾಗಿ ಬರುತ್ತದೆ.

ಇದರ ಜೊತೆಗೆ ಇನ್ನೆರಡು ಗೊಂದಲಗಳಿವೆ. ಪಕ್ಕದ ಮನೆಯವರು ತಮ್ಮ ಪಿಕಪ್ ಟ್ರಕ್ಕನ್ನು ಕೊಡುತ್ತೇನೆ ಎನ್ನುತ್ತಿದ್ದಾರೆ, ಆದರೆ ಅದರಲ್ಲಿರುವುದು ಏಳು ಸೀಳುಗಳ ದುಂಡನೆಯ ಸಾಕೆಟ್. ಊರಿನ ಇನ್ನೊಂದು ಬಾಡಿಗೆ ಅಂಗಡಿಯಲ್ಲಿ ಇದಕ್ಕಿಂತ ದೊಡ್ಡ ಟ್ರೇಲರ್ ಕಡಿಮೆ ದರಕ್ಕೆ ಸಿಗುತ್ತಿದೆ, ಆದರೆ ಅದರ ಪ್ಲಗ್ ಏಳರದು. ನಾಲ್ಕನ್ನು ಏಳು ಮಾಡುವ ಅಡಾಪ್ಟರ್ ಕೊಂಡರೆ ಸಾಕು ಎಂದು ಅಲ್ಲಿಯವರು ಹೇಳಿದರು. ಇದು ಸರಿಯೇ?

ನಮ್ಮ ದಾರಿ ವೆಸ್ಟ್ ವರ್ಜೀನಿಯಾದ ಬೆಟ್ಟಗಳ ನಡುವೆ 77ನೇ ಅಂತರರಾಜ್ಯ ಹೆದ್ದಾರಿಯಲ್ಲಿ ಸಾಗುತ್ತದೆ. ಈಸ್ಟ್ ರಿವರ್ ಮತ್ತು ಬಿಗ್ ವಾಕರ್ ಎಂಬ ಎರಡು ಸುರಂಗಗಳನ್ನು ದಾಟಿ, ಮಂಜಿಗೆ ಹೆಸರಾದ ಫ್ಯಾನ್ಸಿ ಗ್ಯಾಪ್ ಇಳಿಜಾರನ್ನು ಇಳಿಯಬೇಕು. ಹೆಂಡತಿ ಮತ್ತು ಎರಡು ವರ್ಷದ ಮಗು ಗಾಡಿಯಲ್ಲಿರುತ್ತಾರೆ. ಹಿಂದೆ ಬರುವ ಲಾರಿಯವನಿಗೆ ನಮ್ಮ ಬ್ರೇಕ್ ದೀಪ ಕಾಣದೆ ಹೋದರೆ ಏನಾದೀತು ಎಂಬ ಯೋಚನೆಯಿಂದ ಎರಡು ರಾತ್ರಿ ನಿದ್ದೆ ಬಂದಿಲ್ಲ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ಡೇಟನ್ ಹಿರಿಯ

ನಮಸ್ಕಾರ. ಹೊರಡುವ ಮುಂಚೆಯೇ ಜೋಡಿಸಿ ನೋಡಿದ್ದು ಒಳ್ಳೆಯದಾಯಿತು. ನನ್ನದೇ ಒಂದು ಟ್ರೇಲರ್ ಹದಿನಾಲ್ಕು ವರ್ಷದಿಂದ ಅಂಗಳದಲ್ಲಿದೆ, ಅದರ ದೀಪಗಳ ಜೊತೆ ನಾನು ಕಳೆದಿರುವ ಸಂಜೆಗಳಿಗೆ ಲೆಕ್ಕವಿಲ್ಲ. ಆ ಅನುಭವದಿಂದ ಹೇಳುತ್ತೇನೆ: ಪ್ಲಗ್ ಕೂತಿತೆಂದ ಮಾತ್ರಕ್ಕೆ ವೈರಿಂಗ್ ಹೊಂದಿತೆಂದು ತಿಳಿಯಬಾರದು. ಪ್ರತಿಯೊಂದು ತಂತಿಯೂ ತಾನು ಹೊರಬೇಕಾದ ಕರೆಂಟನ್ನು ಹೊರುತ್ತಿದೆಯೇ ಎಂಬುದನ್ನೇ ನೋಡಬೇಕು.

ಅಮೆರಿಕದ ನಾಲ್ಕು ಪಿನ್ನಿನ ಚಪ್ಪಟೆ ಕನೆಕ್ಟರ್‌ನಲ್ಲಿ ಬಿಳಿಯ ತಂತಿ ಗ್ರೌಂಡ್, ಅಂದರೆ ಬ್ಯಾಟರಿಯ ಋಣ ತುದಿಗೆ ಕರೆಂಟ್ ಮರಳುವ ದಾರಿ. ಕಂದು ತಂತಿ ರಾತ್ರಿ ಉರಿಯುವ ಹಿಂದೀಪಗಳಿಗೆ. ಹಳದಿ ತಂತಿ ಎಡಗಡೆಯ ಇಂಡಿಕೇಟರ್ ಮತ್ತು ಬ್ರೇಕ್ ಎರಡಕ್ಕೂ, ಹಸಿರು ತಂತಿ ಬಲಗಡೆಯ ಇಂಡಿಕೇಟರ್ ಮತ್ತು ಬ್ರೇಕ್ ಎರಡಕ್ಕೂ. ಗಾಡಿಯ ಕಡೆಯ ಕನೆಕ್ಟರನ್ನು ಕೈಯಲ್ಲಿ ಹಿಡಿದು ನೋಡಿದರೆ ಮೂರು ತುದಿಗಳು ರಬ್ಬರಿನೊಳಗೆ ಮುಚ್ಚಿಕೊಂಡಿರುತ್ತವೆ, ಒಂದು ಪಿನ್ ಮಾತ್ರ ಬರಿದಾಗಿ ಹೊರಗೆ ಚಾಚಿರುತ್ತದೆ. ಬರಿದಾಗಿರುವುದೇ ಬಿಳಿಯ ತಂತಿಯದು. ಕರೆಂಟ್ ಬರುವ ಮೂರು ತುದಿಗಳು ಗಾಡಿಯ ತಗಡಿಗೆ ತಗುಲಿ ಫ್ಯೂಸ್ ಹೋಗಬಾರದೆಂದು ಹೀಗೆ ಮಾಡಿದ್ದಾರೆ. ಯು-ಹಾಲ್‌ನ ಟ್ರೇಲರ್‌ಗಳಲ್ಲಿಯೂ ಇದೇ ನಾಲ್ಕರ ಚಪ್ಪಟೆ ಪ್ಲಗ್ ಇರುವುದರಿಂದ ಆ ಮಟ್ಟಿಗೆ ನಿಮ್ಮ ಗಾಡಿ ಹೊಂದುತ್ತದೆ.

ನೀವು ಬರೆದಿರುವ ಲಕ್ಷಣಗಳಲ್ಲಿ ಎರಡು ಬೇರೆ ಬೇರೆ ದೋಷಗಳು ಸೇರಿಕೊಂಡಿವೆ ಎಂದು ನನಗೆ ತೋರುತ್ತದೆ. ಎಲ್ಲ ದೀಪಗಳೂ ಒಟ್ಟಿಗೆ ಮಂಕಾಗುವುದು ಗ್ರೌಂಡಿನ ದೋಷ. ಹಳೆಯ ಟ್ರೇಲರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 1157 ಎಂಬ ಎರಡು ತಂತುಗಳ ಬಲ್ಬ್. ಅದರ ಸಣ್ಣ ತಂತು ಹಿಂದೀಪಕ್ಕೆ, ದೊಡ್ಡದು ಬ್ರೇಕಿಗೆ. ಸಣ್ಣದು ಸುಮಾರು 0.6 ಆಂಪಿಯರ್ ಎಳೆದರೆ ದೊಡ್ಡದು 2.1 ಆಂಪಿಯರ್ ಎಳೆಯುತ್ತದೆ. ಹಿಂದೀಪಗಳೆರಡು ಮಾತ್ರ ಉರಿಯುವಾಗ ಬಿಳಿಯ ತಂತಿಯಲ್ಲಿ ಹರಿಯುವುದು ಒಟ್ಟು 1.2 ಆಂಪಿಯರ್ ಮಾತ್ರ. ಬ್ರೇಕ್ ಒತ್ತಿ ಎರಡೂ ದೊಡ್ಡ ತಂತುಗಳು ಸೇರಿಕೊಂಡರೆ ಅದು ಐದು ಆಂಪಿಯರ್ ದಾಟುತ್ತದೆ. ತುಕ್ಕು ಹಿಡಿದ ಒಂದು ಜಾಗದಲ್ಲಿ ಒಂದೇ ಒಂದು ಓಮ್‌ನಷ್ಟು ಅಡ್ಡಿ ಇದ್ದರೂ ಹಿಂದೀಪಗಳಿಗೆ ಅದು ಗೊತ್ತಾಗುವುದಿಲ್ಲ, ಬ್ರೇಕ್ ಒತ್ತಿದಾಗ ಮಾತ್ರ ವೋಲ್ಟೇಜಿನ ಸುಮಾರು ಮೂರನೇ ಒಂದು ಭಾಗವನ್ನು ಅದೇ ನುಂಗಿಬಿಡುತ್ತದೆ. ಎಲ್ಲ ಬಲ್ಬುಗಳ ಕರೆಂಟೂ ಆ ಒಂದೇ ತಂತಿಯ ಮೂಲಕ ಮರಳಬೇಕಾದ್ದರಿಂದ ಒಂದು ಬೆಳಗಲು ಹೋದರೆ ಉಳಿದವೂ ಕುಗ್ಗುತ್ತವೆ.

ನಮ್ಮ ಓಹಾಯೋದಲ್ಲಿ ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುತ್ತಾರೆ. ಗಾಡಿಯ ಅಡಿಯಲ್ಲಿ ಒಂದು ಸ್ಕ್ರೂ ಹಾಕಿ ಬಿಗಿದ ಬಿಳಿಯ ತಂತಿ ಮೂರು ನಾಲ್ಕು ಚಳಿಗಾಲ ಕಳೆಯುವಷ್ಟರಲ್ಲಿ ಕಿಲುಬು ಹಿಡಿದು ಹಸಿರಾಗುತ್ತದೆ. ಬಣ್ಣ ಕೆರೆಯದೆ ಪೇಂಟಿನ ಮೇಲೆಯೇ ಬಿಗಿದಿದ್ದರಂತೂ ಇನ್ನೂ ಬೇಗ ಕೆಡುತ್ತದೆ. ಟ್ರೇಲರ್‌ನ ಕಬ್ಬಿಣ ಹಿಚ್ಚಿನ ಚೆಂಡಿನಂಥ ಗುಂಡಿಗೆ ತಾಗಿರುವುದರಿಂದ ಗ್ರೌಂಡ್ ಹೇಗೂ ಸಿಗುತ್ತದಲ್ಲ ಎಂದು ಕೆಲವರು ಹೇಳುತ್ತಾರೆ. ಗುಂಡಿಗೆ ಗ್ರೀಸ್ ಬಳಿದಿರುತ್ತಾರೆ, ಗಾಡಿ ಅಲುಗಿದಂತೆಲ್ಲ ಆ ಸಂಪರ್ಕವೂ ಅಲುಗುತ್ತದೆ. ಅದನ್ನು ನಂಬಬೇಡಿ.

ಮೊದಲು ಹೀಗೆ ಮಾಡಿ. ಎರಡೂ ತುದಿಗೆ ಕ್ಲಿಪ್ ಇರುವ ಒಂದು ದಪ್ಪ ವೈರನ್ನು ತೆಗೆದುಕೊಂಡು, ಒಂದು ತುದಿಯನ್ನು ಗಾಡಿಯ ಚಾಸಿಯಲ್ಲಿ, ಅಂದರೆ ಅಡಿಯ ಲೋಹದ ಚೌಕಟ್ಟಿನಲ್ಲಿ, ಬಣ್ಣವಿಲ್ಲದ ಬೋಲ್ಟಿಗೂ ಇನ್ನೊಂದನ್ನು ಟ್ರೇಲರ್ ಕಡೆಯ ಬಿಳಿಯ ತಂತಿ ಬಿಗಿದಿರುವ ಜಾಗಕ್ಕೂ ಹಾಕಿ, ಮತ್ತೆ ಬ್ರೇಕ್ ಒತ್ತಿಸಿ ನೋಡಿ. ಮಂಕು ಹೋದರೆ ದೋಷ ಗ್ರೌಂಡಿನದೇ ಎಂದು ಖಾತ್ರಿ. ಎಡಗಡೆಯ ದೀಪದ ವಿಚಾರಕ್ಕೆ ಆಮೇಲೆ ಬನ್ನಿ. ಟ್ರೇಲರನ್ನು ಬಿಡಿಸಿ, ಟೆಸ್ಟ್ ಲ್ಯಾಂಪಿನ (ಕರೆಂಟ್ ಇದ್ದರೆ ಉರಿಯುವ ಸಣ್ಣ ಪರೀಕ್ಷಾ ದೀಪ) ಕ್ಲಿಪ್ಪನ್ನು ಚಾಸಿಗೆ ಹಾಕಿ, ಅದರ ಮೊನೆಯನ್ನು ಗಾಡಿಯ ಕನೆಕ್ಟರ್‌ನ ಹಳದಿ ತುದಿಗೆ ಮುಟ್ಟಿಸಿ. ಬ್ರೇಕ್ ಒತ್ತಿಸಿದಾಗ ಅಲ್ಲಿ ಬೆಳಕು ಬಂದರೆ ದೋಷ ಸ್ನೇಹಿತರ ಟ್ರೇಲರ್‌ನಲ್ಲಿ, ಬಲ್ಬ್ ಹೋಗಿರಬಹುದು, ಬರದಿದ್ದರೆ ನಿಮ್ಮ ಗಾಡಿಯ ಕಡೆಯೇ ಕೆಟ್ಟಿದೆ. ಗ್ರೌಂಡ್ ಸರಿಯಾಗುವ ತನಕ ಬೇರೆ ಯಾವ ಪರೀಕ್ಷೆಯ ಫಲಿತಾಂಶವನ್ನೂ ನಂಬುವಂತಿಲ್ಲವಾದ್ದರಿಂದ ಈ ಕ್ರಮವನ್ನು ದಯವಿಟ್ಟು ತಪ್ಪಿಸಬೇಡಿ.

ಇನ್ನೊಂದು ಎಚ್ಚರಿಕೆ. ಬಾಡಿಗೆ ಟ್ರೇಲರ್‌ನಲ್ಲಿ ಎಲ್‌ಇಡಿ ದೀಪಗಳಿದ್ದರೆ ಅವು ಎಳೆಯುವ ಕರೆಂಟ್ ಬಹಳ ಕಡಿಮೆ. ಕೆಟ್ಟ ಗ್ರೌಂಡ್ ಇದ್ದರೂ ಅಂಗಡಿಯ ಅಂಗಳದಲ್ಲಿ ಎಲ್ಲವೂ ಸರಿಯಿರುವಂತೆ ಕಾಣುತ್ತದೆ. ಸಡಿಲವಾದ ಸ್ಕ್ರೂ ಮುನ್ನೂರು ಮೈಲಿ ಅದುರಿದ ಮೇಲೆ ಪೂರ್ತಿ ಬಿಟ್ಟುಕೊಳ್ಳುವುದು ದಾರಿಯ ನಡುವೆ. ಹಳೆಯ ಬಲ್ಬಿನ ಟ್ರೇಲರ್ ನಿಮ್ಮ ಕೈಗೆ ಸಿಕ್ಕಿದ್ದು ಒಳ್ಳೆಯದೇ ಆಯಿತು.

ಮರುಪ್ರಶ್ನೆ: ಕೊಲಂಬಸ್ ನಿವಾಸಿ

ಹಿರಿಯರಿಗೆ ತುಂಬ ಧನ್ಯವಾದಗಳು. ನೀವು ಹೇಳಿದ ಕ್ರಮದಲ್ಲಿಯೇ ನಿನ್ನೆ ಸಂಜೆ ನೋಡಿದೆ. ಹೊರಗಿನಿಂದ ವೈರ್ ಹಾಕಿದೊಡನೆ ಮಂಕು ಪೂರ್ತಿ ಹೋಯಿತು, ಬಲಗಡೆಯ ಬ್ರೇಕ್ ದೀಪ ಕಣ್ಣು ಕುಕ್ಕುವಷ್ಟು ಬೆಳಗಿತು. ಗಾಡಿಯ ಕೆಳಗೆ ತೂರಿ ನೋಡಿದರೆ ಬಿಳಿಯ ತಂತಿಯ ರಿಂಗ್ ಒಂದು ತಗಡಿನ ಸ್ಕ್ರೂವಿಗೆ ಸಿಕ್ಕಿಕೊಂಡಿದೆ, ಬೆರಳಲ್ಲಿ ತಿರುಗಿಸಿದರೆ ತಿರುಗುತ್ತದೆ, ಸುತ್ತ ಬಿಳಿ ಪುಡಿ ಮತ್ತು ತುಕ್ಕು. ಆದರೆ ಟೆಸ್ಟ್ ಲ್ಯಾಂಪ್ ಹಸಿರು ತುದಿಯಲ್ಲಿ ಉರಿಯುತ್ತದೆ, ಹಳದಿ ತುದಿಯಲ್ಲಿ ಬ್ರೇಕಿಗೂ ಇಲ್ಲ, ಇಂಡಿಕೇಟರಿಗೂ ಇಲ್ಲ. ಆ ನಾಲ್ಕು ತಂತಿಗಳನ್ನು ಹಿಂಬಾಲಿಸಿಕೊಂಡು ಹೋದಾಗ ಎಡಗಡೆಯ ಪ್ಯಾನೆಲ್‌ನ ಒಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಕಪ್ಪು ಡಬ್ಬಿ ಕಂಡಿತು. ಗಾಡಿಯ ಕಡೆಯಿಂದ ಅದರೊಳಗೆ ಹೋಗುವ ತಂತಿಗಳು ಹೊರಬರುವ ತಂತಿಗಳಿಗಿಂತ ಹೆಚ್ಚಿವೆ. ಇದೇನು?

ಉತ್ತರ: ನೋವೈ ಎಂಜಿನಿಯರ್

ನಾನು ಮಿಷಿಗನ್‌ನ ನೋವೈಯಲ್ಲಿ ವಾಹನಗಳ ವೈರಿಂಗ್ ವಿನ್ಯಾಸದ ಕೆಲಸ ಮಾಡುತ್ತೇನೆ. ಆ ಕಪ್ಪು ಡಬ್ಬಿಯ ಹೆಸರು ಟೇಲ್‌ಲೈಟ್ ಕನ್ವರ್ಟರ್. ನಿಮ್ಮ ಗಾಡಿಯಲ್ಲಿ ಹಿಂದಿನ ಇಂಡಿಕೇಟರ್ ಬ್ರೇಕ್ ದೀಪದಿಂದ ಬೇರೆಯಾಗಿ, ಹಳದಿ ಬಣ್ಣದಲ್ಲಿ ಬರುತ್ತಿರಬೇಕು. ಅಮೆರಿಕದ ನಿಯಮದಲ್ಲಿ ಹಿಂದಿನ ಇಂಡಿಕೇಟರ್ ಕೆಂಪಾದರೂ ಇರಬಹುದು, ಹಳದಿಯಾದರೂ ಇರಬಹುದು. ಬ್ರೇಕಿನ ಕೆಂಪು ದೀಪವೇ ಇಂಡಿಕೇಟರ್ ಆಗಿಯೂ ಮಿನುಗುವ ಗಾಡಿಗಳಲ್ಲಿ ಬದಿಗೊಂದರಂತೆ ಎರಡು ತಂತಿಗಳಿರುತ್ತವೆ. ಬೇರೆ ಬೇರೆ ದೀಪಗಳಿರುವ ಗಾಡಿಗಳಲ್ಲಿ ಬ್ರೇಕಿಗೊಂದು, ಎಡಕ್ಕೊಂದು, ಬಲಕ್ಕೊಂದು ಹೀಗೆ ಮೂರಿರುತ್ತವೆ. ನಾಲ್ಕರ ಪ್ಲಗ್ಗಿನ ಟ್ರೇಲರ್‌ಗೆ ಬೇಕಾದದ್ದು ಎರಡೇ. ಮೂರನ್ನು ಎರಡು ಮಾಡುವುದು ಈ ಡಬ್ಬಿಯ ಕೆಲಸ. ಬ್ರೇಕ್ ಒತ್ತಿಕೊಂಡೇ ಎಡ ಇಂಡಿಕೇಟರ್ ಹಾಕಿದಾಗ ಟ್ರೇಲರ್‌ನ ಬಲ ದೀಪ ಸ್ಥಿರವಾಗಿ ಉರಿಯುತ್ತಿರಬೇಕು, ಎಡ ದೀಪ ಮಿನುಗುತ್ತಿರಬೇಕು. ಈ ಒಂದು ಪರೀಕ್ಷೆಯಲ್ಲಿ ಕನ್ವರ್ಟರ್ ಸರಿಯಿದೆಯೋ ಇಲ್ಲವೋ ಎಂಬುದು ಗೊತ್ತಾಗುತ್ತದೆ. ಜನ ಇಂಡಿಕೇಟರನ್ನೂ ಬ್ರೇಕನ್ನೂ ಬೇರೆ ಬೇರೆಯಾಗಿ ನೋಡಿ ಸುಮ್ಮನಾಗುತ್ತಾರೆ, ಎರಡನ್ನೂ ಒಟ್ಟಿಗೆ ಹಾಕಿ ನೋಡುವುದಿಲ್ಲ.

ಡಬ್ಬಿಯ ಒಳಕ್ಕೆ ಹೋಗುವ ಎಡ ಇಂಡಿಕೇಟರ್ ತಂತಿಯಲ್ಲಿ ಮಲ್ಟಿಮೀಟರ್ ಇಟ್ಟು ನೋಡಿ. ಅಲ್ಲಿ ವೋಲ್ಟೇಜ್ ಏರಿಳಿಯುತ್ತಿದ್ದು, ಹೊರಬರುವ ಹಳದಿ ತಂತಿಯಲ್ಲಿ ಏನೂ ಇಲ್ಲದಿದ್ದರೆ ಡಬ್ಬಿಯ ಎಡಭಾಗ ಸುಟ್ಟಿದೆ ಎಂದೇ ಅರ್ಥ. ಅದರೊಳಗೆ ಪ್ರತಿ ಬದಿಗೂ ಬೇರೆ ಟ್ರಾನ್ಸಿಸ್ಟರ್ ಇರುವುದರಿಂದ ಒಂದು ಬದಿ ಹೋಗಿ ಇನ್ನೊಂದು ಉಳಿಯುವುದು ಸಾಮಾನ್ಯ. ಹಿಂದೆ ಯಾವಾಗಲೋ ಟ್ರೇಲರ್‌ನ ಹಳದಿ ತಂತಿ ಸವೆದು ಕಬ್ಬಿಣಕ್ಕೆ ತಾಗಿ ಶಾರ್ಟ್ ಆಗಿದ್ದರೂ ಹೀಗಾಗುತ್ತದೆ. ಅದನ್ನು ರಿಪೇರಿ ಮಾಡುವಂತಿಲ್ಲ, ಬದಲಿಸಬೇಕು.

ಬದಲಿಸುವಾಗ ಯಾವುದನ್ನು ಕೊಳ್ಳುತ್ತೀರಿ ಎಂಬುದು ಮುಖ್ಯ. ಅಗ್ಗದ ಕನ್ವರ್ಟರ್‌ಗಳು ಟ್ರೇಲರ್‌ನ ದೀಪಗಳಿಗೆ ಬೇಕಾದ ಕರೆಂಟನ್ನು ಗಾಡಿಯ ಹಿಂದಿನ ದೀಪಗಳ ತಂತಿಯಿಂದಲೇ ಎಳೆಯುತ್ತವೆ. ಈಗಿನ ಗಾಡಿಗಳಲ್ಲಿ ಆ ತಂತಿಗಳು ತೆಳು, ಅವುಗಳ ಮೇಲೆ ಕಣ್ಣಿಟ್ಟಿರುವುದು ಒಂದು ಕಂಪ್ಯೂಟರ್. ಹೆಚ್ಚಿನ ಹೊರೆ ಬಿದ್ದರೆ ಫ್ಯೂಸ್ ಹೋಗಬಹುದು, ಇಲ್ಲವೇ ಕಂಪ್ಯೂಟರೇ ಆ ದೀಪವನ್ನು ಆರಿಸಿಬಿಡಬಹುದು. ಇನ್ನೊಂದು ಬಗೆಯಲ್ಲಿ ಬ್ಯಾಟರಿಯಿಂದ ಫ್ಯೂಸ್ ಸಮೇತ ಒಂದು ಪ್ರತ್ಯೇಕ ತಂತಿ ಹಿಂದಿನವರೆಗೆ ಬರುತ್ತದೆ. ಗಾಡಿಯ ದೀಪದ ತಂತಿಗಳಿಂದ ಕನ್ವರ್ಟರ್ ಸನ್ನೆಯನ್ನಷ್ಟೇ ತೆಗೆದುಕೊಂಡು, ಕರೆಂಟನ್ನು ನೇರ ಬ್ಯಾಟರಿಯಿಂದ ಕೊಡುತ್ತದೆ. ನೀವು ಈ ಎರಡನೆಯ ಬಗೆಯದನ್ನೇ, ಅದೂ ನಿಮ್ಮ ಗಾಡಿಯ ಮಾದರಿ ಮತ್ತು ವರ್ಷಕ್ಕೆಂದೇ ಮಾಡಿದ ಸರಂಜಾಮನ್ನು ಕೊಳ್ಳಿ. ಅದರಲ್ಲಿ ಗಾಡಿಯ ಮೂಲ ಪ್ಲಗ್ಗುಗಳ ನಡುವೆ ಸೇರಿಕೊಳ್ಳುವ ಕವಲು ಪ್ಲಗ್ಗುಗಳಿರುತ್ತವೆ, ಒಂದು ತಂತಿಯನ್ನೂ ಕತ್ತರಿಸಬೇಕಾಗಿಲ್ಲ. ತಂತಿಯ ಮೇಲೆ ಕಚ್ಚಿ ಕೂರುವ ಸಣ್ಣ ಪ್ಲಾಸ್ಟಿಕ್ ಕ್ಲಿಪ್ಪುಗಳಿಂದ ಜೋಡಿಸಿದ ವೈರಿಂಗ್ ನಿಮ್ಮ ಗಾಡಿಯಲ್ಲಿದ್ದರೆ ಅದನ್ನು ತೆಗೆದು, ಕಚ್ಚಿಸಿಕೊಂಡಿದ್ದ ಜಾಗಗಳನ್ನು ಭದ್ರವಾಗಿ ಮುಚ್ಚಿ. ಆ ತೂತಿನಿಂದಲೇ ಉಪ್ಪುನೀರು ಒಳಗೆ ಹೋಗುವುದು.

ಕೆಲಸ ಶುರುಮಾಡುವ ಮುನ್ನ ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿಡಿ. ಹೊಸ ತಂತಿಯ ಫ್ಯೂಸನ್ನು ಎಲ್ಲ ಮುಗಿದ ಮೇಲೆ ಕೊನೆಗೆ ಹಾಕಿ, ಸರಂಜಾಮಿನ ಕಾಗದದಲ್ಲಿ ಎಷ್ಟು ಆಂಪಿಯರ್ ಎಂದಿದೆಯೋ ಅಷ್ಟರದ್ದನ್ನೇ ಹಾಕಿ. ಗ್ರೌಂಡ್ ಸರಿಯಾಯಿತೆಂದು ತಿಳಿಯಲು ಟ್ರೇಲರ್ ಜೋಡಿಸಿ, ಬ್ರೇಕ್ ಒತ್ತಿಸಿಕೊಂಡು, ಕನೆಕ್ಟರ್‌ನ ಬಿಳಿಯ ತಂತಿಗೂ ಬ್ಯಾಟರಿಯ ಋಣ ತುದಿಗೂ ನಡುವಿನ ವೋಲ್ಟೇಜ್ ನೋಡಿ. ಅದು 0.2 ವೋಲ್ಟಿನ ಒಳಗಿದ್ದರೆ ನಿಶ್ಚಿಂತೆ.

ಉತ್ತರ: ಫೋಲ್ಸಮ್ ಗೃಹಿಣಿ

ದೀಪಗಳ ವಿಚಾರವನ್ನು ಹಿರಿಯರೂ ಎಂಜಿನಿಯರ್ ಅವರೂ ಚೆನ್ನಾಗಿ ಹೇಳಿದ್ದಾರೆ. ನಾನು ಏಳರ ಪ್ಲಗ್ಗಿನ ಆ ದೊಡ್ಡ ಟ್ರೇಲರ್ ಬಗ್ಗೆ ಬರೆಯಲೇಬೇಕೆಂದು ಬರೆಯುತ್ತಿದ್ದೇನೆ. ದಯವಿಟ್ಟು ಅದನ್ನು ತೆಗೆದುಕೊಳ್ಳಬೇಡಿ.

ಏಳರ ದುಂಡನೆಯ ಸಾಕೆಟ್‌ನಲ್ಲಿ ಮೊದಲಿನ ನಾಲ್ಕರ ಜೊತೆಗೆ ಇನ್ನೂ ಮೂರು ತಂತಿಗಳಿರುತ್ತವೆ. ನೀಲಿ ತಂತಿ ಟ್ರೇಲರ್‌ನ ಎಲೆಕ್ಟ್ರಿಕ್ ಬ್ರೇಕಿಗೆ, ಕಪ್ಪು ತಂತಿ ಬ್ಯಾಟರಿಯ 12 ವೋಲ್ಟ್ ಕರೆಂಟಿಗೆ, ನಡುವಿನ ಪಿನ್ ರಿವರ್ಸ್ ದೀಪಕ್ಕೆ. ನಾಲ್ಕನ್ನು ಏಳು ಮಾಡುವ ಅಡಾಪ್ಟರ್ ಈ ಮೂರನ್ನು ಎಲ್ಲಿಂದಲೂ ತರುವುದಿಲ್ಲ. ನಿಮ್ಮ ಗಾಡಿಯಲ್ಲಿ ಇಲ್ಲದ ತಂತಿಯನ್ನು ಒಂದು ಪ್ಲಾಸ್ಟಿಕ್ ತುಂಡು ಹೇಗೆ ಕೊಟ್ಟೀತು? ದೀಪಗಳೆಲ್ಲ ಉರಿಯುತ್ತವೆ, ಬ್ರೇಕ್ ಇರುವುದಿಲ್ಲ. ದೀಪ ಉರಿಯುವುದನ್ನು ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳುತ್ತೇವೆ.

ನಮಗೆ ಆದದ್ದೇ ಅದು. ಕ್ಯಾಲಿಫೋರ್ನಿಯಾದ ಫೋಲ್ಸಮ್‌ನಲ್ಲಿ ನಮ್ಮ ಮನೆ. ಹಿತ್ತಲಿಗೆ ಮುರಮಣ್ಣು ಹಾಕಿಸಬೇಕೆಂದು ನಾವು ಒಂದು ಬಾಡಿಗೆ ಅಂಗಡಿಯಿಂದ ಮಣ್ಣು ಸುರಿಯುವ ಟ್ರೇಲರ್ ತಂದೆವು. ಅಂಗಡಿಯವರೇ ಅಡಾಪ್ಟರ್ ಕೊಟ್ಟು ದೀಪ ಪರೀಕ್ಷಿಸಿ ಕಳಿಸಿದರು. ನಿಮ್ಮ ಗಾಡಿಯಲ್ಲಿ ಬ್ರೇಕ್ ಕಂಟ್ರೋಲರ್ ಇದೆಯೇ ಎಂದು ಒಬ್ಬರೂ ಕೇಳಲಿಲ್ಲ, ಕೇಳಬೇಕಾದ ಪ್ರಶ್ನೆಯೆಂದು ನಮಗೂ ಗೊತ್ತಿರಲಿಲ್ಲ. ಪ್ಲಾಸರ್‌ವಿಲ್ ಕಡೆಯಿಂದ 50ನೇ ಹೆದ್ದಾರಿಯಲ್ಲಿ ಮಣ್ಣು ತುಂಬಿಕೊಂಡು ಇಳಿಯುವಾಗ ನನ್ನ ಯಜಮಾನರು ಬ್ರೇಕ್ ಒತ್ತಿದರೆ ಗಾಡಿ ನಿಲ್ಲುವ ಬದಲು ಹಿಂದಿನಿಂದ ಯಾರೋ ತಳ್ಳಿದಂತೆ ಮುಂದಕ್ಕೆ ಜಾರಿತು. ಪೆಡಲ್ ಮೆತ್ತಗಾಗುತ್ತಾ ಬಂತು, ಸುಟ್ಟ ವಾಸನೆ ಕಾರಿನೊಳಗೆ ತುಂಬಿತು. ಗೇರ್ ಇಳಿಸಿ, ರಸ್ತೆಯ ಬದಿಗೆ ಸರಿದು, ಹೇಗೋ ನಿಲ್ಲಿಸಿದರು. ಆಮೇಲೆ ಅರ್ಧ ಮಣ್ಣನ್ನು ಅಲ್ಲಿಯೇ ಪರಿಚಯದವರ ಜಾಗದಲ್ಲಿ ಸುರಿದು ನಿಧಾನವಾಗಿ ಮನೆ ಸೇರಿದೆವು. ಇಂದಿಗೂ ಆ ಇಳಿಜಾರಿನಲ್ಲಿ ಹೋಗುವಾಗ ನನ್ನ ಕೈ ಸೀಟಿನ ಅಂಚನ್ನು ಹಿಡಿದುಕೊಳ್ಳುತ್ತದೆ.

ಎಲೆಕ್ಟ್ರಿಕ್ ಬ್ರೇಕ್ ಇರುವ ಟ್ರೇಲರ್‌ಗೆ ಚಾಲಕನ ಬಳಿ ಬ್ರೇಕ್ ಕಂಟ್ರೋಲರ್ ಬೇಕೇ ಬೇಕು. ನಾವು ಪೆಡಲ್ ಒತ್ತಿದಾಗ ಅದು ನೀಲಿ ತಂತಿಯಲ್ಲಿ ಕರೆಂಟ್ ಕಳಿಸುತ್ತದೆ, ಟ್ರೇಲರ್‌ನ ಚಕ್ರದ ಡ್ರಮ್ಮಿನೊಳಗಿನ ವಿದ್ಯುತ್ ಅಯಸ್ಕಾಂತ ಅದರಿಂದ ಬ್ರೇಕ್ ಹಿಡಿಯುತ್ತದೆ. ಕಪ್ಪು ತಂತಿಗೂ ಒಂದು ಮುಖ್ಯ ಕೆಲಸವಿದೆ. ಟ್ರೇಲರ್ ಅಕಸ್ಮಾತ್ ಕಳಚಿಕೊಂಡರೆ ಒಂದು ಸಣ್ಣ ಉಕ್ಕಿನ ಹಗ್ಗ ಪಿನ್ನನ್ನು ಎಳೆದು, ಟ್ರೇಲರ್‌ನದೇ ಪುಟ್ಟ ಬ್ಯಾಟರಿಯಿಂದ ಬ್ರೇಕ್ ಬೀಳುವಂತೆ ಮಾಡುತ್ತದೆ. ಸಾಮಾನ್ಯವಾಗಿ ಆ ಬ್ಯಾಟರಿ ಚಾರ್ಜ್ ಆಗುವುದು ಕಪ್ಪು ತಂತಿಯಿಂದ. ಎಷ್ಟು ತೂಕಕ್ಕೆ ಟ್ರೇಲರ್‌ನಲ್ಲಿ ಬ್ರೇಕ್ ಇರಬೇಕೆಂಬ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹಲವು ರಾಜ್ಯಗಳಲ್ಲಿ ಅದು 3,000 ಪೌಂಡ್, ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಕ್ಯಾಂಪಿಂಗ್ ಟ್ರೇಲರ್‌ಗಳಿಗಾದರೆ 1,500 ಪೌಂಡ್. ದಾರಿಯಲ್ಲಿ ದಾಟುವ ಪ್ರತಿ ರಾಜ್ಯದ ಮಿತಿಯನ್ನೂ ನೋಡಿಕೊಳ್ಳಿ.

ಪಕ್ಕದ ಮನೆಯವರ ಪಿಕಪ್ಪಿನ ವಿಚಾರ ಇದಕ್ಕೆ ತದ್ವಿರುದ್ಧ. ಏಳರ ಸಾಕೆಟ್‌ಗೆ ನಾಲ್ಕರ ಟ್ರೇಲರ್ ಜೋಡಿಸುವ ಅಡಾಪ್ಟರ್‌ನಿಂದ ಯಾವ ನಷ್ಟವೂ ಇಲ್ಲ, ಯಾಕೆಂದರೆ ಟ್ರೇಲರ್ ಕೇಳುವ ನಾಲ್ಕೂ ಅಲ್ಲಿವೆ. ಅಗಲವಾದ ಸಾಕೆಟ್‌ನಿಂದ ಸಣ್ಣ ಪ್ಲಗ್ಗಿಗೆ ಇಳಿಯಬಹುದು, ಸಣ್ಣದರಿಂದ ದೊಡ್ಡದಕ್ಕೆ ಏರಬಾರದು. ಕಾರು ಸಾಗಿಸುವ ಬಾಡಿಗೆ ಟ್ರೇಲರ್‌ಗಳು ಅಷ್ಟು ಭಾರವಿದ್ದೂ ನಾಲ್ಕರ ಪ್ಲಗ್ಗಿನಲ್ಲಿ ಹೇಗೆ ನಡೆಯುತ್ತವೆ ಎಂದು ನಿಮಗೆ ಅನ್ನಿಸಬಹುದು. ಅವುಗಳಲ್ಲಿ ಇರುವುದು ತಳ್ಳುಬಲದಿಂದ ತಾನಾಗಿ ಹಿಡಿಯುವ ಹೈಡ್ರಾಲಿಕ್ ಬ್ರೇಕ್. ಗಾಡಿ ನಿಧಾನವಾದಾಗ ಟ್ರೇಲರ್ ಮುಂದಕ್ಕೆ ಒತ್ತುವ ಬಲವೇ ಬ್ರೇಕ್ ಎಣ್ಣೆಯನ್ನು ಚಕ್ರಕ್ಕೆ ತಳ್ಳುತ್ತದೆ, ಅದಕ್ಕೆ ನೀಲಿ ತಂತಿ ಬೇಕಿಲ್ಲ.

ಉತ್ತರ: ರೆಡಿಂಗ್ ಕನ್ನಡಿಗ

ನಾನು ಇಂಗ್ಲೆಂಡಿನಲ್ಲಿರುವುದರಿಂದ ಒಂದೇ ಮಾತು ಸೇರಿಸುತ್ತೇನೆ. ವೈರಿಂಗ್ ಕಲಿಯಲು ವಿಡಿಯೊಗಳನ್ನು ನೋಡುವವರು ಅದು ಯಾವ ದೇಶದ್ದೆಂದು ಮೊದಲು ಗಮನಿಸಬೇಕು. ಇಲ್ಲಿಯೂ ಏಳರ ಪ್ಲಗ್ ಇದೆ, ಹದಿಮೂರರದ್ದೂ ಇದೆ. ನಮ್ಮ ಏಳರ ಪ್ಲಗ್ಗಿನಲ್ಲಿ ಪಿನ್ನುಗಳು ದುಂಡಗಿರುತ್ತವೆ, ಅಮೆರಿಕದ ಪ್ಲಗ್ಗಿನಂತೆ ಚಪ್ಪಟೆ ಅಲಗುಗಳಲ್ಲ. ಬ್ರೇಕ್ ದೀಪಕ್ಕೆ ಪ್ರತ್ಯೇಕವಾದ ಕೆಂಪು ತಂತಿ ಇರುವುದರಿಂದ ಇಲ್ಲಿ ಹಳದಿ ಮತ್ತು ಹಸಿರು ತಂತಿಗಳು ಇಂಡಿಕೇಟರಿಗೆ ಮಾತ್ರ. ಎಲ್ಲಕ್ಕಿಂತ ಅಪಾಯಕಾರಿಯಾದ ವ್ಯತ್ಯಾಸ ಕಪ್ಪು ಮತ್ತು ನೀಲಿ ತಂತಿಗಳದು. ಇಲ್ಲಿ ಕಪ್ಪು ಎಂದರೆ ಎಡಗಡೆಯ ಹಿಂದೀಪ, ನೀಲಿ ಎಂದರೆ ಹಿಂದಿನ ಮಂಜು ದೀಪ. ಅಮೆರಿಕದಲ್ಲಿ ಅವೇ ಬಣ್ಣಗಳು ಬ್ಯಾಟರಿಯ ನೇರ ಕರೆಂಟ್ ಮತ್ತು ಬ್ರೇಕ್ ಎಂದು ಮೇಲಿನ ಮೇಡಂ ಬರೆದಿದ್ದಾರೆ. ಬಣ್ಣವನ್ನು ನಂಬಿ ಜೋಡಿಸದೆ, ಪ್ರತಿ ತುದಿಯನ್ನೂ ಟೆಸ್ಟ್ ಲ್ಯಾಂಪಿನಿಂದ ನೋಡಿಯೇ ಜೋಡಿಸಿ.

ಕೊಲಂಬಸ್ ನಿವಾಸಿಯ ಮರುಬರಹ

ಎಲ್ಲರಿಗೂ ಕೈಮುಗಿಯುತ್ತೇನೆ. ಕ್ಯಾರಿಯ ಹೊಸ ಮನೆಯಿಂದ ಬರೆಯುತ್ತಿದ್ದೇನೆ, ಆದದ್ದನ್ನು ಹೇಳದಿದ್ದರೆ ಮುಂದೆ ಇದನ್ನು ಓದುವವರಿಗೆ ಉಪಯೋಗವಾಗುವುದಿಲ್ಲ.

ದೊಡ್ಡ ಟ್ರೇಲರ್ ಬೇಡವೆಂದು ಅಂದೇ ಹೇಳಿಬಿಟ್ಟೆ. ಮೇಡಂ, ನಿಮ್ಮ ಅನುಭವವನ್ನು ಮನೆಯವರೂ ಓದಿದರು, ಅವರಿಗೆ ಬೇರೆ ಏನನ್ನೂ ವಿವರಿಸಬೇಕಾಗಲಿಲ್ಲ. ಡಬ್ಬಿಯ ಎಡಭಾಗ ಸುಟ್ಟಿದ್ದೇ ನಿಜ, ಒಳಗೆ ಹೋಗುವ ತಂತಿಯಲ್ಲಿ ವೋಲ್ಟೇಜ್ ಏರಿಳಿಯುತ್ತಿತ್ತು, ಹೊರಬರುವುದರಲ್ಲಿ ಸೊನ್ನೆ. ನಮ್ಮ ಗಾಡಿಗೆಂದೇ ಸಿಗುವ, ಬ್ಯಾಟರಿಯಿಂದ ಕರೆಂಟ್ ಪಡೆಯುವ ಸರಂಜಾಮು ತರಿಸಿ ಒಂದು ಭಾನುವಾರವಿಡೀ ಕೂತು ಹಾಕಿದೆ. ಹೆಚ್ಚು ಹೊತ್ತು ಹಿಡಿದದ್ದು ಬ್ಯಾಟರಿಯ ತಂತಿಯನ್ನು ಸೈಲೆನ್ಸರಿನ ಬಿಸಿಗೆ ತಾಗದಂತೆ ಗಾಡಿಯ ಅಡಿಯಲ್ಲಿ ಹಿಂದಕ್ಕೆ ತರುವುದಕ್ಕೆ. ಗ್ರೌಂಡ್ ತಂತಿಗೆ ಹಳೆಯ ಸ್ಕ್ರೂ ಬಿಟ್ಟು ಬೇರೆ ಜಾಗ ಹುಡುಕಿ, ಲೋಹ ಹೊಳೆಯುವವರೆಗೆ ಸ್ಯಾಂಡ್‌ಪೇಪರಿನಿಂದ ಉಜ್ಜಿ, ಹಲ್ಲಿರುವ ವಾಷರ್ ಹಾಕಿ ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಬಳಿದೆ. ಸ್ನೇಹಿತರ ಟ್ರೇಲರ್ ಜೋಡಿಸಿ ಬ್ರೇಕ್ ಒತ್ತಿಸಿ ನೋಡಿದಾಗ ಮೀಟರ್ 0.08 ವೋಲ್ಟ್ ತೋರಿಸಿತು. ಹೆಂಡತಿ ಹಿಂದೆ ನಿಂತು ಒಂದೊಂದನ್ನೇ ಕೂಗಿ ಹೇಳಿದಳು: ಹಿಂದೀಪ, ಬ್ರೇಕ್, ಎಡ, ಬಲ, ಬ್ರೇಕ್ ಒತ್ತಿಕೊಂಡೇ ಎಡ, ಬ್ರೇಕ್ ಒತ್ತಿಕೊಂಡೇ ಬಲ. ಇವೆಲ್ಲವನ್ನೂ ಹೆಡ್‌ಲೈಟ್ ಹಾಕಿಯೂ ಆರಿಸಿಯೂ ನೋಡಿದೆವು.

ಬಾಡಿಗೆ ಟ್ರೇಲರ್ ತೆಗೆದುಕೊಂಡ ದಿನವೂ ಅಂಗಡಿಯವರು ನೋಡಿದ ಮೇಲೆ ನಾವಿಬ್ಬರೂ ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿದೆವು. ಭಾರವಾದ ಪುಸ್ತಕದ ಪೆಟ್ಟಿಗೆಗಳನ್ನೂ ಗ್ರೈಂಡರನ್ನೂ ಮುಂದಿಟ್ಟು, ಶೇಕಡ 60ರಷ್ಟು ತೂಕ ಟ್ರೇಲರ್‌ನ ಮುಂಭಾಗದಲ್ಲಿ ಬೀಳುವಂತೆ ತುಂಬಿದೆವು. ದಾರಿಯುದ್ದಕ್ಕೂ ಟ್ರೇಲರ್ ಕಂಪನಿ ಹೇಳಿದ ಗಂಟೆಗೆ 55 ಮೈಲಿಯ ವೇಗವನ್ನು ಮೀರಲಿಲ್ಲ, ಪೆಟ್ರೋಲಿಗೆ ನಿಲ್ಲಿಸಿದಾಗಲೆಲ್ಲ ದೀಪ ನೋಡಿದೆವು. ಬೆಕ್ಲಿ ದಾಟಿದ ಮೇಲೆ ಮಳೆ ಹಿಡಿಯಿತು. ಈಸ್ಟ್ ರಿವರ್ ಸುರಂಗದೊಳಗೆ ಹೋದಾಗ ಪಕ್ಕದ ಗೋಡೆಯ ಮೇಲೆ ನಮ್ಮ ಟ್ರೇಲರ್‌ನ ಕೆಂಪು ಬೆಳಕು ಓಡುತ್ತಿದ್ದುದು ಕನ್ನಡಿಯಲ್ಲಿ ಕಂಡಿತು. ಫ್ಯಾನ್ಸಿ ಗ್ಯಾಪಿನಲ್ಲಿ ಮಂಜು ಇತ್ತು. ಎಲ್ಲರೂ ನಿಧಾನವಾಗಿ ಇಳಿಯುತ್ತಿದ್ದರು, ನಾನು ಬ್ರೇಕ್ ಮುಟ್ಟಿದಾಗಲೆಲ್ಲ ಹಿಂದಿನ ಲಾರಿಯೂ ಅಂತರ ಬಿಡುತ್ತಾ ಬಂತು.

ಒಂದು ಸಣ್ಣ ವಿಷಯ ಮಾತ್ರ ದಾರಿಯಲ್ಲಿ ಕಲಿತದ್ದು. ಮೊದಲ ನಿಲುಗಡೆಯಲ್ಲಿ ನೋಡಿದಾಗ ಕನೆಕ್ಟರ್‌ನ ತಂತಿ ಇಳಿಬಿದ್ದು ರಸ್ತೆಗೆ ನಾಲ್ಕು ಬೆರಳಿನಷ್ಟೇ ಎತ್ತರದಲ್ಲಿತ್ತು. ತಿರುವಿನಲ್ಲಿ ಎಳೆಯದಿರುವಷ್ಟು ಸಡಿಲ ಬಿಟ್ಟು, ಉಳಿದದ್ದನ್ನು ಟ್ರೇಲರ್‌ನ ಮೂತಿಗೆ ಒಂದು ಸುತ್ತು ಸುತ್ತಿ ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟಿದೆ. ಟ್ರೇಲರ್ ಹಿಂದಿರುಗಿಸುವಾಗ ಆ ಪಟ್ಟಿಯನ್ನು ಕತ್ತರಿಸಿ, ನಮ್ಮ ಗಾಡಿಯ ಕನೆಕ್ಟರ್‌ಗೆ ರಬ್ಬರ್ ಮುಚ್ಚಳ ಹಾಕಿ ಒಳಗೆ ಮಡಚಿಟ್ಟಿದ್ದೇನೆ.

ಉತ್ತರ: ಡೇಟನ್ ಹಿರಿಯ

ಓದಿ ಬಹಳ ಸಂತೋಷವಾಯಿತು. ಮುಚ್ಚಳ ಹಾಕುವ ಮುಂಚೆ ಪಿನ್ನುಗಳಿಗೆ ತೇವ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ ಹಚ್ಚಿಡಿ. ವರ್ಷಕ್ಕೊಮ್ಮೆ, ಟ್ರೇಲರ್ ಬೇಕಿಲ್ಲದಿದ್ದರೂ, ಟೆಸ್ಟ್ ಲ್ಯಾಂಪಿನಿಂದ ಮೂರೂ ತುದಿಗಳನ್ನು ಮುಟ್ಟಿ ನೋಡಿ. ಕ್ಯಾರಿಯಲ್ಲಿ ನಮ್ಮಷ್ಟು ಉಪ್ಪು ಸುರಿಯುವುದಿಲ್ಲವಾದ್ದರಿಂದ ಈ ಬೋಲ್ಟ್ ಹೆಚ್ಚು ಕಾಲ ಬಾಳುತ್ತದೆ.